ಈಜುಕೊಳ ನೋಡಿ ಶಾಲೆ ಆರಿಸಬೇಡಿ

ನಿನ್ನೆ ಸಂಜೆ ಕರಾಮದಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಹಾಸನದಿಂದ ದುಬೈಗೆ ಹೊಸದಾಗಿ ಬಂದ ದಂಪತಿ ಅಲ್ಲಿದ್ದರು. ಆರನೇ ಕ್ಲಾಸಿನ ಮಗನಿಗೆ ಶಾಲೆ ಹುಡುಕುತ್ತಿದ್ದಾರೆ. ಒಂದು ಗಂಟೆ ಮಾತಾಡಿದರು: ಈಜುಕೊಳ, ಆಡಿಟೋರಿಯಂ, ಟೀಚರ್‌ಗಳೆಲ್ಲ ಬ್ರಿಟನ್ನಿನವರು. ಇಲ್ಲಿಂದ ಮುಂದೆ ಹುಡುಗ ಎಲ್ಲಿ ಓದಬೇಕು ಅನ್ನೋ ಮಾತು ಒಮ್ಮೆಯೂ ಬರಲಿಲ್ಲ. ನನಗೆ ತಡೆಯೋಕಾಗಲಿಲ್ಲ, ಸ್ವಲ್ಪ ಜೋರಾಗಿಯೇ ಮಾತಾಡಿಬಿಟ್ಟೆ.

ನಮ್ಮಲ್ಲಿ ಹೆಚ್ಚಿನವರ ವೀಸಾ ನಿಂತಿರುವುದು ಕೆಲಸದ ಮೇಲೆ. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. 2022ರ ನವೆಂಬರಿನಲ್ಲಿ ನನ್ನ ಕೆಲಸ ಹೋಯ್ತು, ಹೆಂಡತಿ ಮಗಳು ಮೈಸೂರಿಗೆ ಹೋದರು. ಮಗಳು ಇಲ್ಲಿ ಬ್ರಿಟಿಷ್ ಶಾಲೆಯಲ್ಲಿ ಇಯರ್ 5ರಲ್ಲಿದ್ದಳು, ಅಂದರೆ ನಮ್ಮ 4ನೇ ಕ್ಲಾಸು, ಅಲ್ಲಿ ಅದಕ್ಕೇ ಸೇರಿಸಿದರು. ಮಗಳಿಗೆ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೊದಲ ದಿನ ಫೋನಿನಲ್ಲಿ "ಅಪ್ಪಾ, ನಾನು ಫೇಲಾ?" ಅಂದಳು.

ಆಮೇಲೆ ಕನ್ನಡ. 2015ರ ಕಾಯ್ದೆ ಬಂದ ಮೇಲೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಲೇಬೇಕು, ಸಿಬಿಎಸ್‌ಇ ಆದರೂ ಅಷ್ಟೇ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಹುಡುಗಿಗೆ ಒತ್ತಕ್ಷರ ಬರೆಯೋಕೆ ಬರಲ್ಲ. ಆ ಕಾಪಿ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. 'ಅಜ್ಜಿ' ಅಂತ ಬರೆದು ಅಳಿಸಿ, ಬರೆದು ಅಳಿಸಿ, ಹಾಳೆ ತೂತಾಗಿದೆ.

"ಐಬಿಯಲ್ಲಿ ಮಕ್ಕಳು ಯೋಚನೆ ಮಾಡೋದು ಕಲೀತಾರಲ್ವಾ?" ಅಂತ ಗೆಳೆಯ ಕೇಳಿದ. ಐಬಿ ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನೋ ಅಂತರರಾಷ್ಟ್ರೀಯ ಪಠ್ಯಕ್ರಮ. ಕಲೀತಾರೆ. ಅದರ ಕೊನೆಯ ಎರಡು ವರ್ಷದ ಡಿಪ್ಲೊಮಾದಲ್ಲಿ 4,000 ಪದಗಳ ಪ್ರಬಂಧವನ್ನೇ ಬರೀತಾರೆ. ಮುಂದೆ ಲಂಡನ್ನಿಗೋ ಟೊರಾಂಟೊಗೋ ಕಳಿಸುವವರು ಧಾರಾಳವಾಗಿ ಸೇರಿಸಲಿ. ಊರಿಗೇ ವಾಪಸ್ ಹೋಗುವವರು? ಮೇ ಪರೀಕ್ಷೆಯ ರಿಸಲ್ಟ್ ಬರೋದೇ ಜುಲೈನಲ್ಲಿ. ಅಷ್ಟು ಹೊತ್ತಿಗೆ ಊರಲ್ಲಿ ಎಷ್ಟೋ ಕಾಲೇಜುಗಳ ಅಡ್ಮಿಷನ್ ಶುರುವಾಗಿರುತ್ತೆ.

ಶಾಲೆ ಚೆನ್ನಾಗಿದೆಯಾ ಅಂತ ತಿಳಿಯೋಕೆ ಪಕ್ಕದ ಫ್ಲ್ಯಾಟಿನವರನ್ನೇ ಕೇಳಬೇಕಿಲ್ಲ. ದುಬೈನ ಖಾಸಗಿ ಶಿಕ್ಷಣ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ 2008ರಿಂದ ಇಲ್ಲಿನ ಖಾಸಗಿ ಶಾಲೆಗಳ ತಪಾಸಣೆ ಮಾಡಿದೆ, ವರದಿಗಳು ಅವರ ವೆಬ್‌ಸೈಟಿನಲ್ಲೇ ಇವೆ, ದುಡ್ಡು ಕೊಡಬೇಕಿಲ್ಲ. 'ಔಟ್‌ಸ್ಟ್ಯಾಂಡಿಂಗ್' ಅನ್ನೋ ಒಂದು ಪದ ನೋಡಿ ಮುಚ್ಚಿಬಿಡಬೇಡಿ, ಒಳಗೆ ಓದಿ. ಶಾಲೆಗೆ ಹೋದಾಗ ವರ್ಷಕ್ಕೆ ಎಷ್ಟು ಟೀಚರ್‌ಗಳು ಬಿಟ್ಟುಹೋಗ್ತಾರೆ ಅಂತ ನೇರವಾಗಿ ಕೇಳಿ. ಈಜುಕೊಳ ಆಮೇಲೆ ನೋಡಿದರಾಯ್ತು.

ಹೊರಡುವಾಗ ಆ ಹುಡುಗನ ಅಮ್ಮ ಬಾಗಿಲ ತನಕ ಬಂದರು. "ಅಣ್ಣಾ, ಇವನ ಕನ್ನಡ ಪುಸ್ತಕ ಎಲ್ಲಾ ಊರಲ್ಲೇ ಬಿಟ್ಟು ಬಂದ್ವಿ."

"ತರಿಸ್ಕೊಳ್ಳಮ್ಮ. ಯಾರಾದ್ರೂ ಬರೋರ ಕೈಯಲ್ಲಿ ಕಳಿಸೋಕೆ ಹೇಳು" ಅಂದೆ.