ಮ್ಯಾನೇಜರ್ ಲೆಕ್ಕಕ್ಕೇ ಇಲ್ಲ ಅನ್ನೋದು ಸರಿಯಲ್ಲ

ಒಳ್ಳೆ ಆಟಗಾರರಿದ್ದರೆ ಬೇಸ್‌ಬಾಲ್ ತಂಡಕ್ಕೆ ಮ್ಯಾನೇಜರ್ (ಪಂದ್ಯದಲ್ಲಿ ತಂಡ ನಡೆಸುವ ಮುಖ್ಯ ಕೋಚ್) ಯಾರಾದರೂ ನಡೆಯುತ್ತದೆ ಎಂದು ಒಬ್ಬ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಜೋ ಟಾರಿ ಮೆಟ್ಸ್, ಬ್ರೇವ್ಸ್, ಕಾರ್ಡಿನಲ್ಸ್ ತಂಡಗಳನ್ನು ಮ್ಯಾನೇಜರ್ ಆಗಿ ನಡೆಸಿದಾಗ ಒಟ್ಟಾರೆ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಅವರೇ 1996ರಲ್ಲಿ ಯಾಂಕೀಸ್‌ಗೆ ಬಂದು ಐದು ವರ್ಷದಲ್ಲಿ ನಾಲ್ಕು ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಗೆದ್ದರು. ಜೀಟರ್, ರಿವೇರಾ ಅಂಥ ದೊಡ್ಡ ಆಟಗಾರರು ಇದ್ದರಲ್ವಾ!

ಆದರೆ 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ ನೆನಪಿಸಿಕೊಳ್ಳಿ. ಟ್ಯಾಂಪಾ ಬೇ ರೇಸ್ ತಂಡ ಡಾಡ್ಜರ್ಸ್ ವಿರುದ್ಧ 1-0 ಮುಂದಿತ್ತು. ರೇಸ್‌ನ ಪಿಚರ್ (ಚೆಂಡು ಎಸೆಯುವವ) ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ್ದ, ಕೊಟ್ಟಿದ್ದು ಬರೀ ಎರಡು ಹಿಟ್ (ಬ್ಯಾಟರ್ ಬೇಸ್ ತಲುಪುವ ಹೊಡೆತ). ಮುಂದಿನ ಬ್ಯಾಟರ್ ಮೂಕಿ ಬೆಟ್ಸ್ ಅವತ್ತು ಅವನೆದುರು ಎರಡು ಸಲವೂ ಸ್ಟ್ರೈಕ್‌ಔಟ್. ಆದರೂ ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕೆ ನಡೆದು ಬಂದು ಸ್ನೆಲ್‌ನನ್ನು ತೆಗೆದರು. ಬದಲಿ ಪಿಚರ್ ಆಗಿ ನಿಕ್ ಆಂಡರ್ಸನ್ ಬಂದ. ಬೆಟ್ಸ್ ಡಬಲ್ (ಎರಡನೇ ಬೇಸ್ ತಲುಪುವ ಹೊಡೆತ) ಹೊಡೆದ. ಆಮೇಲೆ ವೈಲ್ಡ್ ಪಿಚ್ (ಕ್ಯಾಚರ್‌ಗೆ ಸಿಗದಂತೆ ಹೋದ ಎಸೆತ), ಸ್ಕೋರ್ ಸಮ. ಹಿಂದೆಯೇ ಡಾಡ್ಜರ್ಸ್ ಮುಂದೆ. ಕೊನೆಗೆ 3-1, ಪಂದ್ಯದ ಜೊತೆ ಕಪ್ಪೂ ಹೋಯ್ತು.

ಅದೇ ಬ್ಯಾಟರ್ ಮೂರನೇ ಸಲ ಬಂದಾಗ ಪಿಚರ್‌ಗೆ ಏಟು ಬೀಳುವ ಸಾಧ್ಯತೆ ಹೆಚ್ಚು. ಕ್ಯಾಶ್ ನಂಬಿದ್ದು ಆ ಲೆಕ್ಕವನ್ನು, ಅದು ಸುಮ್ನೆ ಹುಟ್ಟಿದ್ದಲ್ಲ. ಆದರೆ ಆಂಡರ್ಸನ್ ಅದಕ್ಕೆ ಮುಂಚಿನ ಪಂದ್ಯಗಳಲ್ಲೂ ರನ್ ಕೊಡುತ್ತಲೇ ಬಂದಿದ್ದ. ಅವತ್ತು ಯಾರ ಕೈ ಚೆನ್ನಾಗಿ ನಡೀತಿದೆ ಅಂತ ನೋಡೋದು ಮ್ಯಾನೇಜರ್ ಕೆಲಸವೇ ಅಲ್ವಾ?