ಚಾಮಯ್ಯ ಮೇಷ್ಟ್ರ ತಪ್ಪು

ನಟ ಕೆ.ಎಸ್. ಅಶ್ವಥ್ ಹೆಸರೆತ್ತಿದ ಕೂಡಲೇ ‘ಎಂಥ ಒಳ್ಳೆ ಅಪ್ಪ’ ಅನ್ನುವವರ ಜೊತೆ ನನಗೊಂದು ತಕರಾರಿದೆ. ಒಳ್ಳೆಯವನಾಗಿ ಕಾಣುವುದು ಎಂತ ದೊಡ್ಡ ಕೆಲಸ ಮಾರಾಯ್ರೆ? ಬಿಳಿ ಪಂಚೆ, ಕನ್ನಡಕ, ಮೆಲುದನಿ ಇದ್ದರೆ ಅರ್ಧ ಆಯಿತು. ಒಳ್ಳೆಯ ಮನುಷ್ಯ ಒಳ್ಳೆಯದನ್ನೇ ಬಯಸಿ ಇನ್ನೊಬ್ಬರ ಬಾಳು ಹೇಗೆ ಕೆಡಿಸುತ್ತಾನೆ ಎಂದು ತೋರಿಸುವುದು ಕಷ್ಟ. ಅಶ್ವಥ್ ಅದನ್ನು ಮಾಡಿದರು.

1972ರ ‘ನಾಗರಹಾವು’ ಇನ್ನೊಮ್ಮೆ ನೋಡಿ. ಅದರಲ್ಲಿ ಅಶ್ವಥ್ ಚಾಮಯ್ಯ ಮೇಷ್ಟ್ರು. ಹೆತ್ತ ಅಪ್ಪನಿಗೂ ಬಗ್ಗದ ಶಿಷ್ಯ ರಾಮಾಚಾರಿ ಈ ಮೇಷ್ಟ್ರ ಮಾತಿಗೆ ಮಾತ್ರ ಬಗ್ಗುತ್ತಾನೆ. ಆ ಪ್ರೀತಿಯನ್ನೇ ಮುಂದಿಟ್ಟು ಚಾಮಯ್ಯ ಅವನಿಂದ ಅವನು ಪ್ರೀತಿಸಿದ ಅಲಮೇಲುವನ್ನು ಬಿಡಿಸುತ್ತಾರೆ. ಆಮೇಲೆ ಅವಳ ಬಾಳು ಹಾಳಾದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಅಶ್ವಥ್ ಸ್ವಲ್ಪ ಗಡುಸಾಗಿದ್ದರೂ ಸಾಕಿತ್ತು, ಮೇಷ್ಟ್ರಿಗೆ ನಾಲ್ಕು ಬೈದು ನಾವು ಹಗುರಾಗುತ್ತಿದ್ದೆವು. ಅವರು ನಮಗೆ ಆ ಅನುಕೂಲ ಮಾಡಿಕೊಡಲಿಲ್ಲ. ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲೆ ಶಿಷ್ಯನ ಕೈಯಿಂದಲೇ ಬಿದ್ದು ಸಾಯುವಾಗಲೂ ತಪ್ಪು ಯಾರದೆಂದು ಹೇಳಲು ಬಾಯಿ ಬರುವುದಿಲ್ಲ. ರಾಮಾಚಾರಿಯಾದ ವಿಷ್ಣುವರ್ಧನ್ ಎಂಬ ಹೊಸ ಹುಡುಗ ಅಲ್ಲಿ ಅಷ್ಟು ಎತ್ತರ ಕಂಡದ್ದರಲ್ಲಿ ಇದಿರು ನಿಂತವರ ಪಾಲು ದೊಡ್ಡದು.

ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದ ನಮ್ಮ ಉಡುಪಿ, ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರ್ಣಪರ್ವದಲ್ಲಿ ಕರ್ಣನ ಸಾರಥಿ ಶಲ್ಯ ಸಪ್ಪೆಯಾದರೆ, ಎಂಥ ಅರ್ಥಧಾರಿ (ಪಾತ್ರದ ಮಾತು ಆಡುವವನು) ಕೂತರೂ ಕರ್ಣ ಏಳುವುದಿಲ್ಲ. ಕರ್ಣನಿಗೆ ಕಣ್ಣೀರು ಹಾಕಿದವರೇ ಮನೆಗೆ ಹೋಗುವ ದಾರಿಯಲ್ಲಿ ಶಲ್ಯನ ಮಾತು ಹಿಡಿದು ಜಗಳವಾಡುತ್ತಾರೆ. ಅದೇ ಜನ ಟಾಕೀಸಿನಲ್ಲಿ ಸಿನಿಮಾಕ್ಕೆ ಕೂತರೆ ಹೀರೋ ಒಬ್ಬನೇ ಕಾಣುವುದು ಯಾಕೆ?

ಅಶ್ವಥ್ 1955ರ ‘ಸ್ತ್ರೀರತ್ನ’ದಲ್ಲಿ ನಾಯಕನಾಗಿಯೇ ಬಂದವರು. ಆಮೇಲೆ ನಾರದ, ಮೇಷ್ಟ್ರು, ಅಪ್ಪ, ಆಳು ಎಂದು ಮುನ್ನೂರಕ್ಕೂ ಹೆಚ್ಚು ಚಿತ್ರ. ರಾಜ್‌ಕುಮಾರ್ ಅವರಿಗಿಂತ ನಾಲ್ಕೇ ವರ್ಷ ದೊಡ್ಡವರು, ಆದರೂ ಅವರಿಗೆ ಅಪ್ಪನಾದರು. ‘ಕಸ್ತೂರಿ ನಿವಾಸ’ದ ಆಳು ರಾಮಯ್ಯನನ್ನು ನೋಡಿ. ಯಜಮಾನ ಒಂದೊಂದೇ ಕಳೆದುಕೊಳ್ಳುವುದನ್ನು ಪಕ್ಕದಲ್ಲಿ ನಿಂತು ನೋಡುವುದೇ ಅಲ್ಲಿ ನಟನೆ. ಆ ನೋಟ ಇಲ್ಲದಿದ್ದರೆ ದಾನದ ಕಥೆ ಬರೀ ಉಪದೇಶ ಆಗುತ್ತಿತ್ತು. (2010ರ ಜನವರಿಯಲ್ಲಿ, ವಿಷ್ಣು ಹೋಗಿ ಮೂರು ವಾರ ತುಂಬುವ ಮೊದಲೇ ಅಶ್ವಥ್ ಹೋದರು. ಶ್ರದ್ಧಾಂಜಲಿಗಳಲ್ಲಿ ಅದೇ ಮಾತು ಹೆಚ್ಚು, ನಟನೆಯ ಮಾತು ಕಡಿಮೆ.)

ತುಳು ಸಿನಿಮಾದಲ್ಲಿ ಲೆಕ್ಕ ಬೇರೆ. ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ್ ಬೋಳಾರ್ ಇದ್ದಾರೆ ಅಂತಲೇ ಟಿಕೆಟ್ ತೆಗೆಯುವವರು ನಾವು. ಹೀರೋ ಹೆಸರು ಎಷ್ಟೋ ಸಲ ಆಮೇಲೆ ಗೊತ್ತಾಗುವುದು. ಸಂತೋಷ. ಆದರೆ ನಾಟಕದಲ್ಲಿ ಪಳಗಿದ ಇಂಥವರಿಗೆ ಹೆಚ್ಚಾಗಿ ಬರೆಯುವುದು ನಗಿಸುವ ಪಾತ್ರವನ್ನೇ. ಪ್ರೀತಿಯಿಂದಲೇ ಒಬ್ಬನ ಬದುಕು ಹಾಳುಮಾಡುವ ಒಬ್ಬ ಮೇಷ್ಟ್ರನ್ನು ಪಡೀಲರಿಗೆ ಬರೆದು ಕೊಡಿ. ಮೊದಲ ದಿನದ ಮೊದಲ ಆಟಕ್ಕೇ ನಾನು ಬರುತ್ತೇನೆ.