ಕತ್ತಲೆಗೆ ಬಿಟ್ ಸಾಲದು

ದೀಪ ಆರಿಸಿ ಎಲ್ಲರೂ ಕೂತಾಯಿತು. ಧಾರಾವಾಹಿಯಲ್ಲಿ ಕೋಟೆಯ ಮೇಲೆ ಇರುಳು ಕವಿಯುವ ಹೊತ್ತಿಗೆ ಸರಿಯಾಗಿ ಆಕಾಶದ ತುಂಬ ಬೂದು ಪಟ್ಟೆಗಳೇಳುತ್ತವೆ. ಯಾರೋ ಎದ್ದು ಕೇಬಲ್ ಅಲ್ಲಾಡಿಸುತ್ತಾರೆ. ಪಾಪ, ಕೇಬಲ್ ಏನು ಮಾಡೀತು!

2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ‘ದಿ ಲಾಂಗ್ ನೈಟ್’ ಕಂತು ಬಂದಾಗ, ಏನೂ ಕಾಣಲಿಲ್ಲವೆಂದು ನೋಡುಗರು ಬೊಬ್ಬೆ ಹೊಡೆದರು. ಬೇಕೆಂದೇ ಕತ್ತಲಾಗಿ ತೆಗೆದದ್ದು ಎಂದರು ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್. ದೂರನ್ನು ಕಂಪ್ರೆಷನ್ (ಕಳಿಸಲು ವಿಡಿಯೊ ಕುಗ್ಗಿಸುವುದು) ಕಡೆಗೂ ಜನರ ಟಿವಿ ಸೆಟ್ಟಿಂಗ್ ಕಡೆಗೂ ತಿರುಗಿಸಿದರು. ತಪ್ಪು ಯಾರದೆಂದು ಹೇಳಬಹುದು, ಆದರೆ ಮೊದಲು ಗ್ರೇನ್, ಅಂದರೆ ಚಿತ್ರದ ಮೇಲೆ ಮರಳಿನಂತೆ ಕಾಣುವ ಸಣ್ಣ ಕಣಗಳ ವಿಚಾರ ಮುಗಿಯಲಿ.

ಹಿಂದಿನ ಫ್ರೇಮಿನಲ್ಲಿ ಇದ್ದದ್ದನ್ನೇ ಮತ್ತೆ ಬಳಸಿಕೊಂಡು ಉಳಿತಾಯ ಮಾಡುವುದು ವಿಡಿಯೊ ಕುಗ್ಗಿಸುವ ಎನ್‌ಕೋಡರಿನ ಕಸುಬು. ಅಡುಗೆಮನೆಯಲ್ಲಿ ಅತ್ತೆ ಸೊಸೆ ನಿಂತು ಜಗಳವಾಡಿದರೆ ಅದಕ್ಕೆ ಹಬ್ಬ. ಹಿಂದಿನ ಗೋಡೆ ಅಲುಗುವುದೇ ಇಲ್ಲ. ಹಿಮ, ಹೊಗೆ, ಬೆಂಕಿ ಬಂದರೆ ಕಷ್ಟ. ಗ್ರೇನ್ ಬಂದರಂತೂ ಕಥೆ ಮುಗಿಯಿತು: ಫ್ರೇಮಿಂದ ಫ್ರೇಮಿಗೆ ಪ್ರತಿ ಕಣವೂ ಹೊಸದು. ಬಿಟ್‌ರೇಟ್ (ಸೆಕೆಂಡಿಗೆ ಸಿಗುವ ಡೇಟಾ) ಸಾಲದಿದ್ದಾಗ ಎನ್‌ಕೋಡರ್ ಮೊದಲು ಒರೆಸುವುದು ಇದನ್ನೇ. ಆದರೆ ಕತ್ತಲ ಆಕಾಶದ ಛಾಯೆಗಳನ್ನು ಬೆರೆಸಿ ಪಟ್ಟೆ ಕಾಣದಂತೆ ಮುಚ್ಚಿದ್ದದ್ದು ಆ ಗ್ರೇನೇ. 8 ಬಿಟ್ ವಿಡಿಯೊದಲ್ಲಿ ಕಪ್ಪಿನಿಂದ ಬಿಳುಪಿಗೆ 16ರಿಂದ 235ರವರೆಗಿನ ಮಟ್ಟಗಳಷ್ಟೇ. ಇರುಳಿನ ಪಾಲಿಗೆ ಅದರಲ್ಲಿ ಬೆರಳೆಣಿಕೆಯಷ್ಟು. 10 ಬಿಟ್‌ನಲ್ಲಿ ಅದರ ನಾಲ್ಕು ಪಟ್ಟು ಸಿಗುತ್ತದೆ.

ಎವಿ1 ಎಂಬ ವಿಡಿಯೊ ಕುಗ್ಗಿಸುವ ವಿಧಾನ ಇದಕ್ಕೊಂದು ಉಪಾಯ ಹೂಡಿದೆ. ಗ್ರೇನ್ ತೆಗೆದು ನುಣುಪಾದ ಚಿತ್ರವನ್ನು ಕುಗ್ಗಿಸುವುದು, ಗ್ರೇನ್ ಹೇಗಿತ್ತೆಂಬ ವಿವರ ಜೊತೆಗಿಡುವುದು, ಮನೆಯ ಟಿವಿ ಹೊಸದಾಗಿ ಗ್ರೇನ್ ಉದುರಿಸುವುದು. ಸಾರಿನ ಒಗ್ಗರಣೆ ಸೋಸಿ ತೆಗೆದು, ‘ಸಾಸಿವೆ ಇಷ್ಟು, ಕರಿಬೇವು ಇಷ್ಟು’ ಎಂದು ಚೀಟಿ ಅಂಟಿಸಿ ಕಳಿಸಿದ ಹಾಗೆ. ತಮಾಷೆಯೆಂದರೆ, ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಎಷ್ಟೋ ಧಾರಾವಾಹಿಗಳಿಗೆ ಗ್ರೇನ್ ಹಾಕುವುದೇ ಸ್ಟುಡಿಯೊದಲ್ಲಿ, ಆಮೇಲೆ. ಹಾಕು, ತೆಗೆ, ಮತ್ತೆ ಹಾಕು. ಇಷ್ಟಕ್ಕೆ ಮೂರು ಕಡೆ ಎಂಜಿನಿಯರುಗಳು!

ಸ್ವಂತ ಡಿಸ್ಕನ್ನು ಕುಗ್ಗಿಸಿಡುವವರು ಎಕ್ಸ್264 ಎಂಬ ಎನ್‌ಕೋಡರಿನ ಸಿಆರ್‌ಎಫ್ (ಗುಣಮಟ್ಟದ ಅಂಕಿ, ಇಳಿದಷ್ಟೂ ಚಿತ್ರ ಚೆನ್ನ) ಅನ್ನು ಅದರ ಪಾಡಿಗೆ 23ರಲ್ಲಿ ಬಿಡದೆ 18ಕ್ಕಿಳಿಸಬೇಕು, ಬಿಟ್ ಹಂಚುವ ಸೆಟ್ಟಿಂಗಾದ ಎಕ್ಯೂ ಮೋಡ್‌ನಲ್ಲಿ 3 ಹಾಕಿ ಕತ್ತಲ ಭಾಗಕ್ಕೆ ಹೆಚ್ಚು ಬಿಟ್ ಕೊಡಿಸಬೇಕು. ಫೈಲ್ ದಪ್ಪಗಾಗುತ್ತದೆ, ಆಗಲಿ. ಟಿವಿಯಲ್ಲಿ ವಿವಿಡ್ ಮೋಡ್, ಶಾರ್ಪ್‌ನೆಸ್, ವಿದ್ಯುತ್ ಉಳಿತಾಯ ಮೂರನ್ನೂ ತಗ್ಗಿಸಿ. ಬ್ರೈಟ್‌ನೆಸ್ ಏರಿಸಬೇಡಿ, ಕಳೆದುಹೋದ ವಿವರ ಅದರಿಂದ ಬರುವುದಿಲ್ಲ, ಅಡಗಿದ್ದ ಚೌಕಗಳು ಎದ್ದು ಕೂರುತ್ತವೆ. ಆ್ಯಪಿನ ಮೂಲೆಯ ‘ಎಚ್‌ಡಿ’ ಗುರುತನ್ನಂತೂ ನಂಬಲೇಬೇಡಿ. ಅದು ಪಿಕ್ಸೆಲ್ ಎಷ್ಟೆಂದು ಹೇಳುತ್ತದೆಯೇ ಹೊರತು ಒಂದೊಂದಕ್ಕೆ ಎಷ್ಟು ಬಿಟ್ ಸಿಕ್ಕಿತೆಂದು ಬಾಯಿಬಿಡುವುದಿಲ್ಲ.

ಈ ತಂಟೆಯೇ ಬೇಡವೆಂದರೆ 4ಕೆ ಬ್ಲೂ-ರೇ ಇದೆ: 10 ಬಿಟ್, ಒಂದು ಡಿಸ್ಕಿನಲ್ಲಿ 100 ಜಿಬಿವರೆಗೆ ಜಾಗ. ಪ್ಲೇಯರ್ ಕೇಳಿಕೊಂಡು ಅಂಗಡಿಗೆ ಹೋದರೆ ಪೆನ್ ಡ್ರೈವ್ ತೋರಿಸುತ್ತಾರೆ.